ಅರವತ್ತಮೂರು ಗಂಟೆ ‘ಅಂಥವರು ಇಲ್ಲಿಲ್ಲ’

ನಮ್ಮದು ಧಾರವಾಡದ ಒಂದು ಶಿಕ್ಷಣ ಸಂಸ್ಥೆ. ಹೆಸರು ಬೇಡ. ಪಿಯು, ಡಿಗ್ರಿ, ಎರಡು ಹಾಸ್ಟೆಲ್, ಒಂದು ಆಫೀಸು. ಮೇಲ್ ಸರ್ವರ್ ನಮ್ಮದೇ. ಡೆಬಿಯನ್ ಎಂಬ ಲಿನಕ್ಸ್ ಓಡುವ ಒಂದೇ ಮಷಿನ್, ಮೇಲ್ ತಗೊಳ್ಳಲು ಪೋಸ್ಟ್‌ಫಿಕ್ಸ್, ಡಬ್ಬಿಗಳನ್ನು ನೋಡಿಕೊಳ್ಳಲು ಡವ್‌ಕಾಟ್, ಸುಮಾರು 140 ವಿಳಾಸಗಳು. ಇಷ್ಟಕ್ಕೆಲ್ಲ ಸ್ವಂತ ಸರ್ವರ್ ಯಾಕೆ, ದೊಡ್ಡ ಕಂಪನಿಗಳ ಹತ್ತಿರ ಬಾಡಿಗೆಗೆ ಇರಬಹುದಲ್ವಾ ಎಂದು ಕೇಳುವವರು ಇದ್ದಾರೆ. ಆ ಜಗಳ ಇಲ್ಲಿ ಬೇಡ. ಇದು ಆ ಸರ್ವರನ್ನು ನಾನು ಒಂದು ಸಾಲು ಬದಲಿಸಿ ಕೆಡಿಸಿದ ಕತೆ, ಆಮೇಲೆ ಅದನ್ನು ಸರಿಮಾಡಿದ ಕತೆ. ಕೆಡಿಸಲು ಒಂದು ನಿಮಿಷ ಸಾಕಾಯಿತು. ಕಾನ್ಫಿಗ್, ಅಂದರೆ ಸರ್ವರಿನ ಸೆಟ್ಟಿಂಗ್, ಸರಿಮಾಡಲು ಇಪ್ಪತ್ತು ನಿಮಿಷ. ಉಳಿದದ್ದಕ್ಕೆ ಐದು ವಾರ.

ಶುರುವಾಗಿದ್ದು ಬ್ಯಾಕಪ್‌ನಿಂದ. ರಾತ್ರಿ ಎರಡಕ್ಕೆ ಬ್ಯಾಕಪ್ ಓಡುತ್ತದೆ, ಮುಗಿದ ಮೇಲೆ ‘ರೂಟ್’ (ಮಷಿನ್‌ನ ಯಜಮಾನ ಖಾತೆ) ಹೆಸರಿಗೆ ಒಂದು ವರದಿ ಮೇಲ್ ಮಾಡುತ್ತದೆ. ಆ ವರದಿ ಬರುತ್ತಿರಲಿಲ್ಲ. ಕಾರಣ ಹುಡುಕಿದಾಗ ಸಿಕ್ಕಿತು. ಬರೀ ‘ರೂಟ್’ ಎಂದು ಬರೆದ ವಿಳಾಸಕ್ಕೆ ಪೋಸ್ಟ್‌ಫಿಕ್ಸ್ ತಾನೇ ಬಾಲ ಅಂಟಿಸುತ್ತದೆ. ಯಾವ ಬಾಲ ಎಂದು ‘ಮೈಆರಿಜಿನ್’ ಎಂಬ ಸಾಲು ಹೇಳುತ್ತದೆ. ನಮ್ಮಲ್ಲಿ ಆ ಸಾಲಿನಲ್ಲಿ ಸಂಸ್ಥೆಯ ಡೊಮೇನ್, ಅಂದರೆ ನಮ್ಮೆಲ್ಲರ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು, ಇತ್ತು. ಹಾಗಾಗಿ ವರದಿ ಸಂಸ್ಥೆಯ ಡೊಮೇನಿನ ‘ರೂಟ್’ ಎಂಬವರಿಗೆ ಹೋಗುತ್ತಿತ್ತು. ನಮ್ಮ 140 ಡಬ್ಬಿಗಳ ಪಟ್ಟಿಯಲ್ಲಿ ರೂಟ್ ಎಂಬ ಲೆಕ್ಚರರ್ ಯಾರೂ ಇಲ್ಲ.

ಆ ಶುಕ್ರವಾರ ಸಂಜೆ 6:40. ಮರುದಿನ ಎರಡನೇ ಶನಿವಾರ, ಆಫೀಸಿಗೆ ರಜೆ. ಕಟ್ಟಡ ಖಾಲಿಯಾಗಿತ್ತು. ‘ಹೋಗೋ ಮುಂಚೆ ಇದೊಂದು ಮುಗಿಸಿಬಿಡೋಣ’ ಅನ್ನಿಸಿತು. ಪೋಸ್ಟ್‌ಫಿಕ್ಸ್‌ನ ಮುಖ್ಯ ಫೈಲ್ ಮೇನ್.ಸಿಎಫ್. ಅದರ ಜೊತೆ ಬರುವ ಮಾದರಿಯಲ್ಲಿ ‘ಮೈಡೆಸ್ಟಿನೇಶನ್’ ಎಂಬ ಸಾಲಿಗೆ ಎರಡು ಮೂರು ನಮೂನೆಗಳನ್ನು, ಮುಂದೆ ಹ್ಯಾಶ್ (#) ಹಾಕಿ ಜಾರಿಯಾಗದ ಹಾಗೆ ಮಾಡಿ, ಇಟ್ಟಿರುತ್ತಾರೆ. ಒಂದರಲ್ಲಿ ಮಷಿನ್ ಹೆಸರು, ಲೋಕಲ್‌ಹೋಸ್ಟ್ ಇರುತ್ತವೆ. ಇನ್ನೊಂದರಲ್ಲಿ ಅವುಗಳ ಜೊತೆಗೆ ಇಡೀ ಡೊಮೇನ್ ಕೂಡ ಇರುತ್ತದೆ. ನಾನು ಎರಡನೆಯದರ ಮುಂದಿನ ಹ್ಯಾಶ್ ತೆಗೆದೆ. ಬದಲಾವಣೆ ಜಾರಿಯಾಗಲೆಂದು ರೀಲೋಡ್ ಕೊಟ್ಟೆ.

ಈಗ ರೂಟ್‌ಗೆ ಒಂದು ಮೇಲ್ ಹಾಕಿ ನೋಡಿದೆ. ನನ್ನ ಫೋನಿಗೆ ಬಂತು. ಹೊರಗಿನಿಂದಲೂ ನೋಡೋಣ ಎಂದು ಬೆಂಗಳೂರಿನ ಗೆಳೆಯನಿಗೆ ‘ದೋಸ್ತ, ನನ್ನ ಕಾಲೇಜ್ ಅಡ್ರೆಸ್‌ಗೆ ಒಂದ್ ಮೇಲ್ ಒಗಿಯೋ’ ಎಂದು ವಾಟ್ಸ್ಯಾಪ್ ಮಾಡಿದೆ. ಅದೂ ಬಂತು. ಲ್ಯಾಪ್‌ಟಾಪ್ ಮುಚ್ಚಿ, ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದೆ. ಶನಿವಾರ ಬೆಳಗಿನ ಜಾವ ಬ್ಯಾಕಪ್ ವರದಿ ಬಂದಿತ್ತು. ಭಾನುವಾರವೂ ಬಂತು. ಕಾಲೇಜಿನ ನಾಲ್ಕೈದು ಮೇಲ್ ಕೂಡ ಬಂದವು. ಎಲ್ಲ ಸರಿ ಇದೆ ಎಂದುಕೊಂಡು ಎರಡು ದಿನ ಆರಾಮಾಗಿದ್ದೆ.

ಸೋಮವಾರ ಹತ್ತು ಗಂಟೆಗೆ ಆಫೀಸಿನ ಸೂಪರಿಂಟೆಂಡೆಂಟ್ ಮೇಡಂ ಬಾಗಿಲಲ್ಲಿ ನಿಂತಿದ್ದರು.

‘ಸರ್, ಶುಕ್ರವಾರ ಸಂಜಿಯಿಂದ ಒಂದೂ ಮೇಲ್ ಬಂದಿಲ್ರೀ. ಅರ್ಜಿ ಹಾಕಿದವ್ರು ಫೋನ್ ಮಾಡಾಕತ್ತಾರ. ಅಡ್ರೆಸ್ ತಪ್ಪೈತಿ ಅಂತ ವಾಪಸ್ ಬರಾಕತ್ತೈತಂತ.’

‘ನಂಗ ಬಂದಾವಲ್ರೀ ಮೇಡಂ’ ಎಂದೆ.

‘ನಿಮಗ ಬಂದಿರಬೇಕು ಬಿಡ್ರಿ’ ಎಂದರು. ಆ ಮಾತಿನಲ್ಲೇ ಅರ್ಧ ಉತ್ತರ ಇತ್ತು. ನನಗೆ ಅದು ಹೊಳೆಯಲು ಇನ್ನೂ ಹತ್ತು ನಿಮಿಷ ಬೇಕಾಯಿತು.

ಅರ್ಜಿ ಎಂದರೆ ಲೆಕ್ಚರರ್ ಹುದ್ದೆಗಳದ್ದು. ಪೇಪರಿನಲ್ಲಿ ಜಾಹೀರಾತು ಕೊಟ್ಟಿದ್ದೆವು. ಇಮೇಲ್ ಮೂಲಕ ಮಾತ್ರ ಅರ್ಜಿ. ಕೊನೆಯ ದಿನ ಭಾನುವಾರ.

ಕಾವಲುಗಾರನ ಎರಡು ಪುಸ್ತಕ

ಏನಾಗಿತ್ತು ಎಂದು ಹೇಳಲು ಒಂದು ಹಳೇ ವಾಡೆಯನ್ನು ನೆನೆಸಿಕೊಳ್ಳಿ. ಗೇಟಿನಲ್ಲಿ ಕಾವಲುಗಾರ ಕೂತಿದ್ದಾನೆ. ಅವನ ಹತ್ತಿರ ಎರಡು ಪುಸ್ತಕ. ಒಂದರಲ್ಲಿ ವಾಡೆಯೊಳಗೆ ವಾಸ ಇರುವವರ ಹೆಸರು. ಇನ್ನೊಂದರಲ್ಲಿ ಒಳಗೆ ವಾಸ ಇಲ್ಲದಿದ್ದರೂ ಪತ್ರದ ಡಬ್ಬಿ ಇಟ್ಟುಕೊಂಡವರ ಹೆಸರು. ಪೋಸ್ಟ್‌ಮ್ಯಾನ್ ಬಂದು ಹೆಸರು ಕೂಗುತ್ತಾನೆ. ಯಾವ ಪುಸ್ತಕ ತೆಗೆಯಬೇಕು ಎಂಬುದನ್ನು ವಿಳಾಸದ ಡೊಮೇನ್ ನಿರ್ಧರಿಸುತ್ತದೆ.

ಮೈಡೆಸ್ಟಿನೇಶನ್ ಎಂದರೆ ಮೊದಲನೇ ಪುಸ್ತಕ. ಆ ಸಾಲಿನಲ್ಲಿರುವ ಡೊಮೇನಿಗೆ ಮೇಲ್ ಬಂದರೆ ಪೋಸ್ಟ್‌ಫಿಕ್ಸ್ ಆ ಹೆಸರನ್ನು ಲಿನಕ್ಸ್ ಬಳಕೆದಾರರ ಪಟ್ಟಿಯಲ್ಲಿ, ಇಲ್ಲವೇ ಏಲಿಯಾಸ್ (ಅಡ್ಡಹೆಸರು) ಫೈಲಿನಲ್ಲಿ ಹುಡುಕುತ್ತದೆ. ನಮ್ಮ 140 ಜನ ಇದ್ದದ್ದು ಎರಡನೇ ಪುಸ್ತಕದಲ್ಲಿ. ಅಂದರೆ ‘ವರ್ಚುವಲ್ ಮೇಲ್‌ಬಾಕ್ಸ್ ಡೊಮೇನ್ಸ್’ ಎಂಬ ಸಾಲಿಗೆ ಸೇರಿದ ಪಟ್ಟಿಯಲ್ಲಿ. ಅವರಿಗೆ ಮಷಿನ್‌ನಲ್ಲಿ ಲಾಗಿನ್ ಇಲ್ಲ, ಬರೀ ಡಬ್ಬಿ ಇದೆ. ನಾನು ಹ್ಯಾಶ್ ತೆಗೆದ ಕ್ಷಣದಿಂದ ನಮ್ಮ ಡೊಮೇನ್ ಎರಡೂ ಕಡೆ ಇತ್ತು. ಎರಡೂ ಕಡೆ ಇದ್ದರೆ ಮೊದಲನೇ ಪುಸ್ತಕದ್ದೇ ಗೆಲುವು. ಅದರಲ್ಲಿ ಮನುಷ್ಯರ ಹೆಸರು ಒಂದೇ ಒಂದು. ನನ್ನದು.

ಪ್ರಿನ್ಸಿಪಾಲರಿಗೆ ಮೇಲ್ ಬಂತಾ? ಅಂಥವರು ಇಲ್ಲಿಲ್ಲ. ಅಕೌಂಟ್ಸ್? ಇಲ್ಲ. ನೇಮಕಾತಿ ವಿಳಾಸ? ಇಲ್ಲವೇ ಇಲ್ಲ.

ನನ್ನ ಹೆಸರಿನ ಲಿನಕ್ಸ್ ಲಾಗಿನ್ ಇತ್ತು. ಅದರ ಹೋಮ್ ಫೋಲ್ಡರಿನಲ್ಲಿ ಎಷ್ಟೋ ವರ್ಷಗಳ ಹಿಂದೆ ನಾನೇ ಇಟ್ಟು ಮರೆತ ಒಂದು ‘ಡಾಟ್ ಫಾರ್ವರ್ಡ್’ ಫೈಲ್ ಇತ್ತು. ಬಂದದ್ದನ್ನೆಲ್ಲ ನನ್ನ ಖಾಸಗಿ ವಿಳಾಸಕ್ಕೆ ತಳ್ಳು ಎಂದು ಅದರಲ್ಲಿ ಬರೆದಿದ್ದೆ. ಫೋನಿನಲ್ಲಿ ಎರಡೂ ವಿಳಾಸದ ಮೇಲ್ ಒಟ್ಟಿಗೆ ಕಾಣುವ ಹಾಗೆ ಇಟ್ಟುಕೊಂಡಿದ್ದೆ. ಹಾಗಾಗಿ ಯಾವ ಡಬ್ಬಿಗೆ ಬಂತು ಎಂದು ನೋಡಲೇ ಇಲ್ಲ. ಇಡೀ ಸಂಸ್ಥೆಯಲ್ಲಿ ಮೇಲ್ ಸರಿಯಾಗಿ ಬರುತ್ತಿದ್ದ ಒಬ್ಬನೇ ಮನುಷ್ಯ ಎಂದರೆ ಅದನ್ನು ಕೆಡಿಸಿದವನು. ಟೆಸ್ಟ್ ಮಾಡಿದವನೂ ಅವನೇ.

ಬೇರೆ ಯಾರಿಗೂ ಗೊತ್ತಾಗಲಿಲ್ವಾ? ಹಾಸ್ಟೆಲ್ ವಾರ್ಡನ್‌ಗೆ ಗೊತ್ತಾಗಿತ್ತು. ಶನಿವಾರ ಪ್ರಿನ್ಸಿಪಾಲರಿಗೆ ಮೆಸ್ ಬಿಲ್ ಕಳಿಸಲು ಹೋಗಿ ‘ಯೂಸರ್ ಅನ್‌ನೋನ್’ ಎಂದು ಬಂದಿತ್ತಂತೆ. ಸ್ಪೆಲಿಂಗ್ ತಪ್ಪಿರಬೇಕು ಎಂದುಕೊಂಡು ಮೂರು ಸಲ ಹೊಡೆದು ನೋಡಿ, ಕೊನೆಗೆ ಬಿಲ್ಲಿನ ಫೋಟೋ ತೆಗೆದು ವಾಟ್ಸ್ಯಾಪ್ ಮಾಡಿದರಂತೆ. ಅವರನ್ನು ದೂರಲಾರೆ. ಅಂಥ ಸಂದೇಶ ಓದಿದ ಯಾರಿಗಾದರೂ ತನ್ನದೇ ತಪ್ಪು ಅನ್ನಿಸುತ್ತದೆ. ಈ ಇಡೀ ಪ್ರಕರಣದಲ್ಲಿ ಹೆಚ್ಚು ಕಾಡಿದ್ದು ಅದೇ.

ಮೊದಲು ಬಾಯಿ ಮುಚ್ಚಿಸು

ಲಾಗ್, ಅಂದರೆ ಸರ್ವರ್ ತಾನೇ ಬರೆದಿಡುವ ದಿನಚರಿ, ತೆರೆದೆ. ಸಾಲು ಸಾಲಾಗಿ 550 5.1.1. ಸ್ವೀಕರಿಸುವವರ ವಿಳಾಸ ನಿರಾಕರಿಸಲಾಗಿದೆ, ಲೋಕಲ್ ಪಟ್ಟಿಯಲ್ಲಿ ಆ ಹೆಸರಿಲ್ಲ. ಅವುಗಳ ನಡುವೆ ನಡುವೆ ಒಂದು ಎಚ್ಚರಿಕೆ ಕೂಡ ಇತ್ತು: ಈ ಡೊಮೇನನ್ನು ಮೈಡೆಸ್ಟಿನೇಶನ್ ಮತ್ತು ವರ್ಚುವಲ್ ಮೇಲ್‌ಬಾಕ್ಸ್ ಡೊಮೇನ್ಸ್ ಎರಡರಲ್ಲೂ ಹಾಕಬೇಡಿ. ಶುಕ್ರವಾರ 6:40ರಿಂದ ಪೋಸ್ಟ್‌ಫಿಕ್ಸ್ ಇದನ್ನು ಕೂಗಿಕೊಳ್ಳುತ್ತಲೇ ಇತ್ತು. ರೀಲೋಡ್ ಕೊಟ್ಟ ಮೇಲೆ ಎರಡು ನಿಮಿಷ ಲಾಗ್ ನೋಡುತ್ತಾ ಕೂತಿದ್ದರೆ ಕಾಣುತ್ತಿತ್ತು. ನಾನು ಬಸ್ಸಿಗೆ ಓಡಿದ್ದೆ.

ಇಲ್ಲಿ ಸಂಖ್ಯೆಯ ಮೊದಲ ಅಂಕಿಯೇ ಎಲ್ಲ. 5ರಿಂದ ಶುರುವಾದರೆ ‘ಇಲ್ಲ, ಮತ್ತೆ ಬರಬೇಡ’. 4ರಿಂದ ಶುರುವಾದರೆ ‘ಈಗ ಆಗಲ್ಲ, ಆಮೇಲೆ ಬಾ’. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಮೇಲ್ ಸಾಗಣೆಯ ನಿಯಮಾವಳಿ ಆರ್‌ಎಫ್‌ಸಿ 821ರಲ್ಲೇ ಈ ವ್ಯತ್ಯಾಸ ಇದೆ. 2008ರ ಆರ್‌ಎಫ್‌ಸಿ 5321 ಇನ್ನೂ ಬಿಡಿಸಿ ಹೇಳುತ್ತದೆ. ‘ಆಮೇಲೆ ಬಾ’ ಎಂಬ ಉತ್ತರ ಸಿಕ್ಕ ಸರ್ವರ್ ಮೇಲ್ ಅನ್ನು ತನ್ನ ಸಾಲಿನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸಬೇಕು. ಸಾಮಾನ್ಯವಾಗಿ ನಾಲ್ಕೈದು ದಿನವಾದರೂ ಕೈಬಿಡಬಾರದು. ಪೋಸ್ಟ್‌ಫಿಕ್ಸ್ ತಾನಾಗಿ ಐದು ದಿನ ಕಾಯುತ್ತದೆ. ನಮ್ಮ ಎಡವಟ್ಟು ಮೂರು ದಿನಕ್ಕಿಂತ ಕಡಿಮೆ. ಅದೇ ತಪ್ಪು ಮಾಡಿ ನಮ್ಮ ಸರ್ವರ್ 450 ಎಂದು ಉತ್ತರಿಸಿದ್ದರೆ ಸೋಮವಾರ ಮಧ್ಯಾಹ್ನದೊಳಗೆ ಎಲ್ಲ ಮೇಲ್‌ಗಳೂ ತಾವಾಗಿ ಬಂದಿರುತ್ತಿದ್ದವು. ಸರ್ವರ್ ಪೂರ್ತಿ ಆಫ್ ಆಗಿದ್ದರೂ ಅಷ್ಟೇ. ಕದ ತೆರೆಯದ ಮನೆಗೆ ಪೋಸ್ಟ್‌ಮ್ಯಾನ್ ಮತ್ತೆ ಬರುತ್ತಾನೆ. ಸರ್ವರ್ ಸತ್ತಿದ್ದರೆ ಒಂದು ಪತ್ರವೂ ಕಳೆದುಹೋಗುತ್ತಿರಲಿಲ್ಲ. ಬದುಕಿದ್ದು ಸುಳ್ಳು ಹೇಳಿದ್ದರಿಂದ ಕಳೆದುಹೋಯಿತು.

ಹಾಗಾಗಿ ಮೊದಲು ಮಾಡಿದ್ದು ಕಾರಣ ಹುಡುಕುವುದಲ್ಲ. 10:12ಕ್ಕೆ ಮೇನ್.ಸಿಎಫ್‌ಗೆ ‘ಸಾಫ್ಟ್ ಬೌನ್ಸ್ ಯೆಸ್’ ಎಂಬ ಸಾಲು ಸೇರಿಸಿ ರೀಲೋಡ್ ಕೊಟ್ಟೆ. ಪೋಸ್ಟ್‌ಫಿಕ್ಸ್ ಹೇಳುವ ಎಲ್ಲ 5ನ್ನೂ ಅದು 4 ಮಾಡುತ್ತದೆ. ಕಾನ್ಫಿಗ್ ಇನ್ನೂ ತಪ್ಪೇ ಇತ್ತು, ಆದರೆ ಹೊಸದಾಗಿ ಯಾರನ್ನೂ ವಾಪಸ್ ಕಳಿಸುತ್ತಿರಲಿಲ್ಲ. ಆಮೇಲೆ ಕೈ ನಡುಗುವುದು ನಿಂತಿತು. ನೀರು ಕುಡಿದು ಕೂತು ನೋಡಿದೆ.

ರಿಪೇರಿ ಸಣ್ಣದು. ಮೈಡೆಸ್ಟಿನೇಶನ್‌ನಿಂದ ಡೊಮೇನ್ ತೆಗೆದೆ. ನಾನು ಮೊದಲೇ ಮಾಡಬೇಕಿದ್ದ ಕೆಲಸವನ್ನು ಈಗ ಮಾಡಿದೆ, ಅಂದರೆ ಮೈಆರಿಜಿನ್‌ಗೆ ಡೊಮೇನ್ ಬದಲು ಮಷಿನ್‌ನ ಪೂರ್ತಿ ಹೆಸರು ಕೊಟ್ಟೆ. ಹಾಗೆ ಮಾಡಿದರೆ ರೂಟ್‌ನ ಮೇಲ್ ಮಷಿನ್ ಹೆಸರಿಗೆ ಹೋಗುತ್ತದೆ, ಡೊಮೇನಿನ ತಂಟೆಗೆ ಬರುವುದಿಲ್ಲ. 10:31ಕ್ಕೆ ರೀಲೋಡ್. ಈ ಸಲ ಟೆಸ್ಟ್ ನನ್ನ ವಿಳಾಸಕ್ಕೆ ಅಲ್ಲ. ಪ್ರಿನ್ಸಿಪಾಲ್, ಅಕೌಂಟ್ಸ್, ನೇಮಕಾತಿ, ಹಾಸ್ಟೆಲ್, ಜೊತೆಗೆ ಇಲ್ಲದೇ ಇರುವ ಒಂದು ವಿಳಾಸ. ನಾಲ್ಕು ತಲುಪಿದವು. ಐದನೆಯದಕ್ಕೆ 450 ಬಂತು, ಬರಬೇಕಾದದ್ದೇ.

10:12ರಿಂದ 10:31ರವರೆಗಿನ ಹತ್ತೊಂಬತ್ತು ನಿಮಿಷದಲ್ಲಿ ನಮ್ಮ ನಿಜವಾದ ವಿಳಾಸಗಳಿಗೆ ಏಳು ಮೇಲ್ ಬಂದು ‘ಆಮೇಲೆ ಬಾ’ ಎನ್ನಿಸಿಕೊಂಡಿದ್ದವು. ಏಳಕ್ಕೆ ಏಳೂ ಊಟದ ಹೊತ್ತಿಗೆ ಡಬ್ಬಿಯಲ್ಲಿದ್ದವು. ಕಳಿಸಿದವರಿಗೆ ಏನಾಯಿತೆಂದು ಇವತ್ತಿಗೂ ಗೊತ್ತಿಲ್ಲ.

ಸಾಫ್ಟ್ ಬೌನ್ಸ್ ಅನ್ನು ಮಂಗಳವಾರ ಸಂಜೆಯವರೆಗೆ ಬಿಟ್ಟು ಆಮೇಲೆ ತೆಗೆದೆ. ಅದನ್ನು ಜಾಸ್ತಿ ದಿನ ಇಡುವಂತಿಲ್ಲ. ನಮ್ಮವರು ಹೊರಗೆ ತಪ್ಪು ವಿಳಾಸಕ್ಕೆ ಕಳಿಸಿದರೂ ಅವರಿಗೆ ತಕ್ಷಣ ತಿಳಿಯುವುದಿಲ್ಲ, ಮೇಲ್ ಸುಮ್ನೆ ಸಾಲಿನಲ್ಲಿ ಕೂತಿರುತ್ತದೆ.

ಲಾಗ್‌ನಲ್ಲಿ ಏನಿದೆ, ಏನಿಲ್ಲ

ಪ್ರಿನ್ಸಿಪಾಲರ ಮೊದಲ ಪ್ರಶ್ನೆ: ‘ಆ ಮೇಲ್‌ಗಳನ್ನ ವಾಪಸ್ ತೆಗೀಲಿಕ್ಕೆ ಬರೂದಿಲ್ಲೇನು?’ ಬ್ಯಾಕಪ್ ಇದೆಯಲ್ಲ ಎಂಬುದು ಅವರ ತರ್ಕ. ಬ್ಯಾಕಪ್ ಇತ್ತು, ಅದರ ವರದಿ ಕೂಡ ಈಗ ಚೆನ್ನಾಗಿ ಬರುತ್ತಿತ್ತು. ಆದರೆ ಈ ಮೇಲ್‌ಗಳು ನಮ್ಮ ಮಷಿನ್‌ಗೆ ಬಂದೇ ಇರಲಿಲ್ಲ. ಎರಡು ಸರ್ವರ್ ಮಾತಾಡುವಾಗ ಕಳಿಸುವವನು ಮೊದಲು ತಾನು ಯಾರು ಎನ್ನುತ್ತಾನೆ, ಆಮೇಲೆ ಯಾರ ಕಡೆಯಿಂದ, ಆಮೇಲೆ ಯಾರಿಗೆ. ‘ಯಾರಿಗೆ’ ಎಂಬಲ್ಲೇ ನಾವು ಇಲ್ಲ ಎಂದೆವು. ವಿಷಯ, ಪತ್ರ, ಅಟ್ಯಾಚ್‌ಮೆಂಟ್ ಎಲ್ಲ ಅದರ ನಂತರದ ಹಂತ. ಕಾವಲುಗಾರ ಲಕೋಟೆಯನ್ನು ಕೈಯಲ್ಲಿ ಹಿಡಿಯಲೇ ಇಲ್ಲ. ಬಂದವರ ಹೆಸರು, ಕೇಳಿದ ಹೆಸರು, ಸಮಯ, ಇಷ್ಟನ್ನು ಮಾತ್ರ ಬರೆದಿಟ್ಟಿದ್ದ.

ಆ ಬರಹವೇ ನಮಗೆ ಉಳಿದಿದ್ದ ಆಸ್ತಿ. ಅದನ್ನು ಮೊದಲು ಬೇರೆ ಕಡೆ ಕಾಪಿ ಮಾಡಿದೆ. ಡೆಬಿಯನ್‌ನಲ್ಲಿ ಮೇಲ್ ಲಾಗ್ ವಾರಕ್ಕೊಮ್ಮೆ ಹೊರಳುತ್ತದೆ, ನಾಲ್ಕು ವಾರದ ಮೇಲೆ ಅಳಿಯುತ್ತದೆ. ಇದರಲ್ಲೂ ಒಂದು ಸಲ ಎಡವಿದೆ. ಮೊದಲ ಎಣಿಕೆಯಲ್ಲಿ ಸಂಖ್ಯೆ ಕಡಿಮೆ ಬಂತು, ಒಳಗೊಳಗೇ ಖುಷಿಯಾಯಿತು. ನೋಡಿದರೆ ಲಾಗ್ ಭಾನುವಾರ ಬೆಳಗಿನ ಜಾವ ಹೊರಳಿತ್ತು. ಶುಕ್ರವಾರ, ಶನಿವಾರದ ಸಾಲುಗಳು ಹಿಂದಿನ ಫೈಲಿನಲ್ಲಿದ್ದವು.

ಎರಡೂ ಸೇರಿಸಿದರೆ ‘ಹೆಸರಿಲ್ಲ’ ಎಂಬ ಸಾಲುಗಳು 3,918. ಗಾಬರಿಯಾಗಬೇಕಿಲ್ಲ, ಅದರಲ್ಲಿ ಬಹುಪಾಲು ಎಂದಿನ ಕಸ. ಇಲ್ಲದ ಹೆಸರುಗಳನ್ನು ಊಹಿಸಿ ಹೊಡೆಯುವ ಸ್ಪ್ಯಾಮ್‌ನವರು. ನಮ್ಮ 140 ವಿಳಾಸಗಳ ಜೊತೆ ತಾಳೆ ಹಾಕಿದಾಗ 704 ಉಳಿದವು. ಒಬ್ಬರೇ ಮತ್ತೆ ಮತ್ತೆ ಪ್ರಯತ್ನಿಸಿದ್ದನ್ನು ಒಂದೇ ಎಂದು ಎಣಿಸಿದರೆ 233 ಕಳಿಸಿದವರು. ಅವರಲ್ಲಿ 96 ಮನುಷ್ಯರಲ್ಲ: ಬಿಲ್ ಕಳಿಸುವ ಯಂತ್ರಗಳು, ಪೋರ್ಟಲ್‌ಗಳು, ಸುದ್ದಿಪತ್ರಗಳು. ಅವುಗಳ ವಿಳಾಸ ಉದ್ದುದ್ದ ಅಂಕಿ ಅಕ್ಷರಗಳ ಸರಪಳಿ, ಉತ್ತರ ಬರೆದರೆ ಯಾರೂ ಓದುವುದಿಲ್ಲ. ಉಳಿದವರು 137.

ಅವರಲ್ಲೂ ನಿಜದವರು ಯಾರು? ಸ್ಪ್ಯಾಮ್ ಕಳಿಸುವವರು ಇನ್ನೊಬ್ಬರ ವಿಳಾಸ ಕದ್ದು ಹಾಕಿರುತ್ತಾರೆ. ಅಂಥವರಿಗೆ ನಾವು ಕ್ಷಮೆ ಕೇಳಿ ಪತ್ರ ಬರೆದರೆ ನಾವೇ ಇನ್ನೊಂದು ಸ್ಪ್ಯಾಮ್. ಇದನ್ನು ಯಾವ ಸ್ಕ್ರಿಪ್ಟೂ ಬಿಡಿಸಲಾರದು. ಪಟ್ಟಿಯನ್ನು ಪ್ರಿಂಟ್ ತೆಗೆದು ಸೂಪರಿಂಟೆಂಡೆಂಟ್ ಮೇಡಂ ಮುಂದೆ ಇಟ್ಟೆ. ಅವರು ಕನ್ನಡಕ ಏರಿಸಿ, ಕೆಂಪು ಪೆನ್ ಹಿಡಿದು ಎರಡು ತಾಸು ಕೂತರು. ‘ಇವ್ರು ಪೇಪರ್ ಸಪ್ಲೈ ಮಾಡೋರು. ಇದು ನಮ್ಮ ಹಳೇ ಸ್ಟೂಡೆಂಟ್, ಟಿಸಿ ಕೇಳಾಕ ಬರದಿರಬೇಕು. ಇದ್ಯಾವುದೋ ಗೊತ್ತಿಲ್ರೀ, ಹೊಡೀರಿ.’ 22 ಹೊಡೆದರು. ಅವರು ಹೊಡೆದವುಗಳನ್ನು ಆಮೇಲೆ ನಾನು ಲಾಗ್‌ನಲ್ಲಿ ಬಂದ ಜಾಗ ನೋಡಿ ಪರೀಕ್ಷಿಸಿದೆ. ಒಂದೂ ತಪ್ಪಿರಲಿಲ್ಲ.

ಉಳಿದವರು 115. ಅವರಲ್ಲಿ 41 ಜನ ಬರೆದದ್ದು ನೇಮಕಾತಿ ವಿಳಾಸಕ್ಕೆ. ಕೊನೆಯ ಸಾಲಿನ ಸಮಯ ಭಾನುವಾರ ರಾತ್ರಿ 11:52.

ಒಂದು ಅನಿರೀಕ್ಷಿತ ಲಾಭವೂ ಆಯಿತು. ಕಾಲೇಜಿನ ವಾರ್ತಾಪತ್ರಕ್ಕೆ ವಿದ್ಯಾರ್ಥಿಗಳು ಬರಹ ಕಳಿಸಲು ‘ನ್ಯೂಸ್’ ಎಂಬ ವಿಳಾಸ ಇದೆ. ಲಾಗ್‌ನಲ್ಲಿ ಆ ಹೆಸರಿನ ನಿರಾಕರಣೆ ಒಂದೂ ಇರಲಿಲ್ಲ. ಯಾಕೆ ಎಂದು ತಲೆ ಕೆರೆದುಕೊಂಡೆ. ಡೆಬಿಯನ್ ತನ್ನ ಪಾಡಿಗೆ ಇಟ್ಟುಕೊಳ್ಳುವ ಹಳೇ ಕಾಲದ ಸಿಸ್ಟಮ್ ಬಳಕೆದಾರರಲ್ಲಿ ‘ನ್ಯೂಸ್’ ಎಂಬವನೂ ಒಬ್ಬ! ಮೊದಲನೇ ಪುಸ್ತಕದಲ್ಲಿ ಆ ಹೆಸರು ಇದ್ದದ್ದರಿಂದ ಕಾವಲುಗಾರ ಪತ್ರ ತಗೊಂಡಿದ್ದ. ಮಷಿನ್‌ನ ಮೇಲ್ ಫೋಲ್ಡರಿನಲ್ಲಿ ನ್ಯೂಸ್ ಎಂಬ ಒಂದೇ ಫೈಲಿನೊಳಗೆ ಹನ್ನೊಂದು ಮೇಲ್ ಒತ್ತೊತ್ತಾಗಿ ಕೂತಿದ್ದವು. ‘ಫಾರ್ಮೇಲ್’ ಎಂಬ ಹಳೇ ಸಾಧನದಿಂದ ಒಂದೊಂದಾಗಿ ಬಿಡಿಸಿ ಡವ್‌ಕಾಟ್ ಕೈಗೆ ಕೊಟ್ಟೆ. ನಾಲ್ಕು ಕವಿತೆ, ಎರಡು ಪ್ರವಾಸ ಕಥನ, ಉಳಿದವು ಫೋಟೋ. ಮೂರು ದಿನದ ಮೇಲ್‌ನಲ್ಲಿ ಪೂರ್ತಿಯಾಗಿ ಬದುಕಿ ಬಂದದ್ದು ಈ ಕವಿತೆಗಳು.

ಪತ್ರ

115 ಜನಕ್ಕೆ ಏನು ಬರೆಯುವುದು? ಪ್ರಿನ್ಸಿಪಾಲರು ‘ತಾಂತ್ರಿಕ ಕಾರಣಗಳಿಂದ’ ಎಂದು ಶುರುಮಾಡಿದ ಕರಡು ಕೊಟ್ಟರು. ನಾನು ಬೇಡ ಎಂದೆ. ಮರ್ಯಾದೆ ಉಳಿಸಿಕೊಳ್ಳುವ ಪ್ರಶ್ನೆ ಅಲ್ಲ ಇದು. ಅವರಿಗೆ ನಮ್ಮ ಸರ್ವರ್ ಹೇಳಿದ್ದು ‘ನೀವು ಬರೆದ ವಿಳಾಸ ತಪ್ಪು’ ಎಂದು. ಅದನ್ನು ನಂಬಿದವರು ವಿಳಾಸವನ್ನೇ ಅಳಿಸಿರಬಹುದು. ಆದ್ದರಿಂದ ಪತ್ರದಲ್ಲಿ ಎರಡು ಮಾತು ಇರಲೇಬೇಕು: ವಿಳಾಸ ಸರಿ ಇದೆ, ತಪ್ಪು ನಮ್ಮದು. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಆಯ್ತು, ಹಂಗ ಬರೀರಿ’ ಎಂದರು.

ಹೀಗೆ ಬರೆದೆವು, ಕನ್ನಡದಲ್ಲಿ ಮತ್ತು ಇಂಗ್ಲಿಷಿನಲ್ಲಿ: ‘ಶುಕ್ರವಾರ ಸಂಜೆ 6:40ರಿಂದ ಸೋಮವಾರ ಬೆಳಗ್ಗೆ 10:12ರವರೆಗೆ ನೀವು ನಮಗೆ ಕಳಿಸಿದ ಮೇಲ್ ನಮ್ಮ ತಪ್ಪಿನಿಂದ ನಿಮಗೇ ಮರಳಿದೆ. ನೀವು ಬರೆದ ವಿಳಾಸ ಸರಿಯಾಗಿಯೇ ಇದೆ. ಅದನ್ನು ನಾವು ಓದಿಲ್ಲ, ನಮ್ಮ ಬಳಿ ಅದರ ಪ್ರತಿ ಇಲ್ಲ. ದಯವಿಟ್ಟು ಇನ್ನೊಮ್ಮೆ ಕಳಿಸಿ.’ ಕೆಳಗೆ ಆಫೀಸಿನ ಫೋನ್ ನಂಬರ್. ಅರ್ಜಿದಾರರ ಪತ್ರದಲ್ಲಿ ಒಂದು ಸಾಲು ಜಾಸ್ತಿ. ಸಂಸ್ಥೆಯ ಕಾರ್ಯದರ್ಶಿಗಳು ಕೊನೆಯ ದಿನವನ್ನು ಒಂದು ವಾರ ಮುಂದೆ ಹಾಕಲು ಒಪ್ಪಿದ್ದರು. ಎಲ್ಲರಿಗೂ, 41 ಜನಕ್ಕೆ ಮಾತ್ರ ಅಲ್ಲ. ಯಾಕೆಂದರೆ ಶನಿವಾರ ಮೇಲ್ ವಾಪಸ್ ಬಂತೆಂದು ಇನ್ನೊಬ್ಬರಿಂದ ಕೇಳಿ ಕಳಿಸುವುದನ್ನೇ ಬಿಟ್ಟವರು ಯಾವ ಲಾಗ್‌ನಲ್ಲೂ ಇರುವುದಿಲ್ಲ.

ಕಳಿಸಿದ್ದು ಇಪ್ಪತ್ತಿಪ್ಪತ್ತರಂತೆ, ನಡುವೆ ಬಿಡುವು ಕೊಟ್ಟು. ದಿನಕ್ಕೆ ನಾಲ್ಕು ಮೇಲ್ ಕಳಿಸುವ ಸಣ್ಣ ಸರ್ವರ್ ಒಂದೇ ಏಟಿಗೆ ನೂರಕ್ಕೂ ಹೆಚ್ಚು ಜನಕ್ಕೆ ಒಂದೇ ಪತ್ರ ಹಾಕಿದರೆ ಎದುರಿನವರಿಗೆ ಅನುಮಾನ ಬರುತ್ತದೆ. ಕ್ಷಮೆ ಕೇಳಿದ ಪತ್ರವೇ ಸ್ಪ್ಯಾಮ್ ಡಬ್ಬಿಗೆ ಬೀಳುವುದು ಬೇಡವಾಗಿತ್ತು.

ಆ ವಾರದಲ್ಲಿ 41 ಅರ್ಜಿದಾರರಲ್ಲಿ 33 ಜನ ಮತ್ತೆ ಕಳಿಸಿದರು. ಉಳಿದ ಎಂಟು ಜನಕ್ಕೆ ಇನ್ನೊಮ್ಮೆ ಬರೆದೆವು. ಇಬ್ಬರು ಉತ್ತರಿಸಿದರು. ಒಬ್ಬರಿಗೆ ಆಗಲೇ ಬೇರೆ ಕಡೆ ಆಗಿತ್ತು, ಇನ್ನೊಬ್ಬರು ಆ ದಿನವೇ ಅರ್ಜಿ ಹಾಕಿದರು. ಆರು ಜನ ಏನೂ ಹೇಳಲಿಲ್ಲ. ಅವರ ಫೋನ್ ನಂಬರ್ ಅರ್ಜಿಯೊಳಗೆ ಇತ್ತು, ಅರ್ಜಿ ನಮ್ಮ ಹತ್ತಿರ ಬರಲೇ ಇಲ್ಲ.

ಇಂಥದ್ದು ದೊಡ್ಡವರಿಗೂ ಆಗಿದೆ. 2020ರ ಡಿಸೆಂಬರ್ 14ರಂದು ಗೂಗಲ್‌ನ ಲಾಗಿನ್ ವ್ಯವಸ್ಥೆ ಸುಮಾರು ಮುಕ್ಕಾಲು ಗಂಟೆ ನಿಂತು ಲೋಕವೆಲ್ಲ ಗದ್ದಲವಾಯಿತು. ಅದು ಬಹಳ ಜನಕ್ಕೆ ನೆನಪಿದೆ. ಮರುದಿನ ನಡೆದದ್ದು ಅಷ್ಟು ನೆನಪಿಲ್ಲ. ಡಿಸೆಂಬರ್ 15ರಂದು ಕೆಲವು ಗಂಟೆ ಜಿಮೇಲ್ ತನ್ನ ನಿಜವಾದ ಬಳಕೆದಾರರ ವಿಳಾಸಗಳಿಗೆ 550 5.1.1 ಎಂದು ಉತ್ತರಿಸಿತು, ನಮ್ಮ ಸರ್ವರ್ ಹೇಳಿದ ಅದೇ ಸಂಖ್ಯೆ. ಗೂಗಲ್ ಆಮೇಲೆ ಕೊಟ್ಟ ವರದಿಯ ಪ್ರಕಾರ, ಹಳೇ ಕಾನ್ಫಿಗ್ ವ್ಯವಸ್ಥೆಯಿಂದ ಹೊಸದಕ್ಕೆ ಸಾಗುವಾಗ ಮೇಲ್ ತಗೊಳ್ಳುವ ಸೇವೆಗೆ ತನ್ನ ಡೊಮೇನ್ ಹೆಸರು ತಪ್ಪಾಗಿ ಹೋಗಿತ್ತು. ತಪ್ಪು ಡೊಮೇನಿನಲ್ಲಿ ಹುಡುಕಿದರೆ ಜನ ಸಿಗುತ್ತಾರಾ? ನನ್ನ ಪ್ರಕಾರ ಮೊದಲ ದಿನಕ್ಕಿಂತ ಎರಡನೇ ದಿನವೇ ಕೆಟ್ಟದ್ದು. ಮೊದಲ ದಿನ ನಿಂತದ್ದು ಮತ್ತೆ ಓಡಿತು. ಎರಡನೇ ದಿನ ವಾಪಸಾದ ಪತ್ರ ವಾಪಸಾಯಿತು. ಇದನ್ನು ಪ್ರಿನ್ಸಿಪಾಲರಿಗೆ ಸಮಾಧಾನಕ್ಕೆಂದು ಹೇಳಿದೆ. ಅವರಿಗೆ ಸಮಾಧಾನವೇನೂ ಆದಂತೆ ಕಾಣಲಿಲ್ಲ.

ಬದಲಾದದ್ದು

ಮೇನ್.ಸಿಎಫ್ ಅನ್ನು ಮೊದಲಿಂದ ಕೊನೆಯವರೆಗೆ ಓದಿದೆ, ಬಹುಶಃ ಮೊದಲ ಸಲ. ನಾನು ಹ್ಯಾಶ್ ತೆಗೆದ ಸಾಲಿನಿಂದ ಸ್ವಲ್ಪ ಕೆಳಗೆ, ಅದೇ ಮಾದರಿ ಫೈಲಿನಲ್ಲಿ, ಗೊತ್ತಿಲ್ಲದ ಹೆಸರಿಗೆ ಯಾವ ಸಂಖ್ಯೆ ಹೇಳಬೇಕು ಎಂಬ ಸಾಲಿದೆ. ತಾನಾಗಿ 550. ಅದರ ಮೇಲಿನ ಟಿಪ್ಪಣಿ ಹೇಳುತ್ತದೆ: ನಿಮ್ಮ ಪಟ್ಟಿಗಳು ಸರಿ ಇವೆ ಎಂದು ಖಾತ್ರಿಯಾಗುವವರೆಗೆ 450ರಿಂದ ಶುರುಮಾಡುವುದು ಕ್ಷೇಮ. ಐಬಿಎಂನ ಸಂಶೋಧನಾಲಯದಲ್ಲಿದ್ದ ವೀತ್ಸೆ ವೆನೆಮಾ 1998ರಲ್ಲಿ ಹೊರತಂದ ಈ ಪೋಸ್ಟ್‌ಫಿಕ್ಸ್‌ನ ಟಿಪ್ಪಣಿಗಳು ಉದ್ದ ಎಂದು ಗೊಣಗಿದವರಲ್ಲಿ ನಾನೂ ಒಬ್ಬ.

ಈಗ ಕಾನ್ಫಿಗ್ ಮುಟ್ಟುವ ಮುಂಚೆ ಸಾಫ್ಟ್ ಬೌನ್ಸ್ ಹಾಕುತ್ತೇನೆ, ಮರುದಿನ ತೆಗೆಯುತ್ತೇನೆ. ಕಾನ್ಫಿಗ್ ಫೈಲ್‌ಗಳಿರುವ ಇಟಿಸಿ ಫೋಲ್ಡರಿನ ಬದಲಾವಣೆಗಳೆಲ್ಲ, ಹಳೇ ಪ್ರತಿಗಳನ್ನು ಕಾಪಿಡುವ ಗಿಟ್‌ನಲ್ಲಿ ಉಳಿಯುವಂತೆ ಇಟಿಸಿಕೀಪರ್ ಹಾಕಿದ್ದೇನೆ. ಡಾಟ್ ಫಾರ್ವರ್ಡ್ ಫೈಲ್ ಅಳಿಸಿದೆ. ಹುಬ್ಬಳ್ಳಿಯ ಮನೆಯಲ್ಲಿ ಒಂದು ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇದೆ. ಅದು ಅರ್ಧ ಗಂಟೆಗೊಮ್ಮೆ ಕಾಲೇಜಿನ ಒಂದು ಸಾಮಾನ್ಯ ಡಬ್ಬಿಗೆ ಹೊರಗಿನಿಂದ ಮೇಲ್ ಹಾಕಿ, ಬಂತಾ ಎಂದು ಒಳಗೆ ಇಣುಕುತ್ತದೆ. ಬರದಿದ್ದರೆ ಫೋನಿಗೆ ಎಸ್‌ಎಂಎಸ್. ಮೇಲ್ ಕೆಟ್ಟಿದೆ ಎಂದು ಮೇಲ್‌ನಲ್ಲೇ ಹೇಳಿದರೆ ಏನು ಬಂತು! ಶುಕ್ರವಾರ ಸಂಜೆ ಸರ್ವರ್ ಮುಟ್ಟುವುದಿಲ್ಲ ಎಂದೂ ಹೇಳಬಹುದಿತ್ತು, ಆದರೆ ಆಮೇಲೆ ಎರಡು ಸಲ ಮುಟ್ಟಿದ್ದೇನೆ.

96 ಯಂತ್ರಗಳು

ಮನುಷ್ಯರಿಗೆ ಪತ್ರ ಬರೆದು ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಯಂತ್ರಗಳು ಹಾಗಲ್ಲ, ಅವು ಒಮ್ಮೆ ಕೇಳಿದ್ದನ್ನು ಮರೆಯುವುದಿಲ್ಲ. ದೊಡ್ಡ ಮಟ್ಟದಲ್ಲಿ ಮೇಲ್ ಕಳಿಸುವ ಸೇವೆಗಳು ತಿರಸ್ಕೃತ ವಿಳಾಸಗಳ ಒಂದು ಪಟ್ಟಿ ಇಟ್ಟುಕೊಂಡಿರುತ್ತವೆ. ಹಲವು ಕಡೆ ಒಂದೇ ಒಂದು ಸಲ 550 ಬಂದರೂ ಸಾಕು, ಆ ವಿಳಾಸ ಪಟ್ಟಿಗೆ ಸೇರುತ್ತದೆ. ಆಮೇಲೆ ಅಲ್ಲಿಂದ ಮೇಲ್ ಹೊರಡುವುದೇ ಇಲ್ಲ. ನಮ್ಮ ಲಾಗ್‌ನಲ್ಲಿ ಏನೂ ಕಾಣುವುದಿಲ್ಲ, ಬಾರದ ಪೋಸ್ಟ್‌ಮ್ಯಾನ್‌ನ ಹೆಸರನ್ನು ಕಾವಲುಗಾರ ಎಲ್ಲಿಂದ ಬರೆದಾನು?

ಎರಡನೇ ವಾರದಲ್ಲಿ ಅಕೌಂಟ್ಸ್‌ನವರು ಒಂದು ಪೋರ್ಟಲ್‌ನ ಒಟಿಪಿ ಬರುತ್ತಿಲ್ಲ ಎಂದರು. ಮೂರನೇ ವಾರದಲ್ಲಿ ಫೀ ತುಂಬುವ ಸಾಫ್ಟ್‌ವೇರ್‌ನ ಇನ್‌ವಾಯ್ಸ್. ಅವರ ಸಹಾಯವಾಣಿಯವರು ‘ನಿಮ್ಮ ಇಮೇಲ್ ಐಡಿ ಅಸ್ತಿತ್ವದಲ್ಲಿಲ್ಲ ಸರ್’ ಎಂದು ಅದೇ ಇಮೇಲ್ ಐಡಿಯಿಂದ ಬರೆದ ನನಗೆ ಉತ್ತರ ಕೊಟ್ಟರು. ನಾಲ್ಕು ಸಲ ಬರೆದ ಮೇಲೆ ಯಾರೋ ಪಟ್ಟಿಯಿಂದ ತೆಗೆದರು. ನಮ್ಮ ಲೈಬ್ರರಿಯನ್ ಮೇಡಂ ಸದಸ್ಯರಾಗಿದ್ದ, ಗುಂಪಿಗೆ ಮೇಲ್ ಹಂಚುವ ಒಂದು ಮೇಲ್‌ಮನ್ ಪಟ್ಟಿ ಮಾತ್ರ ಹೆಚ್ಚು ಉದಾರಿ. ಮೇಲ್‌ಮನ್ ವಾಪಸಾದ ಮೇಲ್‌ಗೆ ದಿನಕ್ಕೆ ಒಂದೇ ಅಂಕ ಹಾಕುತ್ತದೆ, ಐದಾದ ಮೇಲೆ ಕಳಿಸುವುದು ನಿಲ್ಲಿಸುತ್ತದೆ. ಶುಕ್ರವಾರ, ಶನಿವಾರ, ಭಾನುವಾರ, ಸೋಮವಾರ ಬೆಳಗ್ಗೆ. ಅವರದ್ದು ನಾಲ್ಕಕ್ಕೆ ನಿಂತಿತ್ತು.

ಆಮೇಲೆ ದೂರು ಬರಲಿ ಎಂದು ಕಾಯಲಿಲ್ಲ. 96 ಸಾಲುಗಳನ್ನೂ ಹಿಡಿದು ಕೂತು, ಡೊಮೇನ್ ನೋಡಿ ಯಾವ ಸೇವೆ ಎಂದು ಗುರುತಿಸಿ, ಆಯಾ ವಿಭಾಗದವರಿಂದ ಲಾಗಿನ್ ಮಾಡಿಸಿ ವಿಳಾಸವನ್ನು ಮತ್ತೆ ಖಾತ್ರಿ ಮಾಡಿಸಿದೆ. ಬಹಳಷ್ಟು ಸುದ್ದಿಪತ್ರಗಳೇ ಆಗಿದ್ದವು, ಅವು ನಿಂತರೇ ಒಳ್ಳೆಯದು ಎಂದು ವಿಭಾಗದವರು ಹೇಳಿದರು. ಐದನೇ ವಾರದಲ್ಲಿ ಸಿಕ್ಕಿದ್ದು ಕರೆಂಟ್ ಬಿಲ್. ಅದು ಮೇಲ್‌ಗೆ ಬರುತ್ತಿತ್ತು ಎಂದು ಯಾರಿಗೂ ನೆನಪೇ ಇರಲಿಲ್ಲ. ಕೊನೆಯ ದಿನಕ್ಕೆ ಇನ್ನು ಎರಡು ದಿನ ಉಳಿದಿತ್ತು.

ಪಟ್ಟಿ ಈಗಲೂ ನನ್ನ ಡ್ರಾಯರಿನಲ್ಲಿದೆ. ಎರಡು ಸಾಲಿಗೆ ಇನ್ನೂ ಗೆರೆ ಎಳೆದಿಲ್ಲ. ಎರಡೂ ಭಾನುವಾರ ಮಧ್ಯಾಹ್ನದವು, ಎರಡೂ ಹಾಸ್ಟೆಲ್ ವಿಳಾಸಕ್ಕೆ. ವಾರ್ಡನ್‌ಗೂ ಗೊತ್ತಿಲ್ಲ, ಮೇಡಂ ಕನ್ನಡಕ ಏರಿಸಿ ನೋಡಿದರು, ಅವರಿಗೂ ಗೊತ್ತಾಗಲಿಲ್ಲ.